ಅಪ್ಪ ಚೊಕ್ಕ ಮಾಡಿದ ದಾರಿ

ನನ್ನ ಅಪ್ಪ ವರ್ನನ್ ಅರವತ್ತೊಂಬತ್ತು ವರ್ಷವಾಗುವ ತನಕ ಒಂದು ರಾತ್ರಿಯೂ ಮನೆ ಬಿಟ್ಟಿದ್ದವರಲ್ಲ. ವಿಸ್ಕಾನ್ಸಿನ್‌ನಲ್ಲಿ ನಮ್ಮದು ಐವತ್ತು ಹಸುಗಳ ಕೊಟ್ಟಿಗೆ. ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹಾಲು ಕರೆಯಲೇಬೇಕು. ನನ್ನ ಮದುವೆಯ ದಿನವೂ ಕೇಕ್ ಕತ್ತರಿಸಿದ್ದೇ ಕೋಟು ಬಿಚ್ಚಿಟ್ಟು ಕೊಟ್ಟಿಗೆಗೆ ಹೋದವರು. ಹೋದ ವಸಂತದಲ್ಲಿ ಮೊಣಕಾಲು ಕೈಕೊಟ್ಟಿತು, ಹಸುಗಳನ್ನು ಮಾರಿದರು. ಹಾಗಾಗಿ ಈ ಅಕ್ಟೋಬರಿನಲ್ಲಿ ಮೊದಲ ಸಲ ಅಪ್ಪ ಅಮ್ಮ ಇಬ್ಬರೂ ಯೂಟಾದ ನಮ್ಮ ಮನೆಗೆ ಬಂದರು. ಅಮ್ಮನ ಪೆಟ್ಟಿಗೆಯಲ್ಲಿ ಅರ್ಧ ಬಟ್ಟೆ, ಅರ್ಧ ಚೀಸ್.

"ಇಲ್ಲಿ ಚೀಸ್ ಸಿಗಲ್ಲ ಅಂದ್ಕೊಂಡ್ಯಾ ಅಮ್ಮ?" ಎಂದೆ.

"ಸಿಗತ್ತೆ. ಅದನ್ನ ಚೀಸ್ ಅಂತಾರಾ?"

ಶನಿವಾರ ಅವರನ್ನು ಕಣಿವೆಗೆ ಕರೆದುಕೊಂಡು ಹೋದೆವು. ನನ್ನ ಗಂಡ ಡಲ್ಲಿನ್ ಇಲ್ಲೇ ಎಸ್ಕಲಾಂಟೆಯಲ್ಲಿ ಹುಟ್ಟಿ ಬೆಳೆದವನು. ಹದಿನಾರು ತಿಂಗಳ ಮಗಳು ವಿನ್ನಿಯನ್ನು ಅವನೇ ಬೆನ್ನಿಗೆ ಕಟ್ಟಿಕೊಂಡ. ಪಿಕಪ್ ಟ್ರಕ್ ನಿಲ್ಲಿಸುವ ಜಾಗದಿಂದ ಕಣಿವೆಯ ಬಾಯಿಗೆ ಒಂದೂವರೆ ಮೈಲಿ ಬರೀ ಬೋಳು ಬಂಡೆ. ಅದರ ಮೇಲೆ ಹೆಜ್ಜೆ ಮೂಡುವುದಿಲ್ಲ. ಅಲ್ಲಲ್ಲಿ ಯಾರೋ ನಾಲ್ಕೈದು ಕಲ್ಲು ಒಂದರ ಮೇಲೊಂದು ಪೇರಿಸಿ ಗುಪ್ಪೆ ಮಾಡಿಟ್ಟಿರುತ್ತಾರೆ. ಒಂದು ಗುಪ್ಪೆಯಿಂದ ಇನ್ನೊಂದನ್ನು ಹುಡುಕುತ್ತ ನಡೆಯಬೇಕು. ಅದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾವೂ ಹೇಳಲಿಲ್ಲ.

ಮುಂದೆ ಡಲ್ಲಿನ್, ನಡುವೆ ಅಮ್ಮ ಮತ್ತು ನಾನು, ಎಲ್ಲರಿಗಿಂತ ಹಿಂದೆ ಅಪ್ಪ.

"ಮುಂದೆ ಬನ್ನಿ ಅಪ್ಪ, ನೋಟ ಚೆನ್ನಾಗಿ ಕಾಣತ್ತೆ."

"ಮುಂದೆ ಹೋದ್ರೆ ಯಾರು ತಪ್ಪಿಸ್ಕೊಂಡ್ರು ಅಂತ ಹೇಗೆ ಗೊತ್ತಾಗೋದು?"

ಅಮ್ಮ ನನ್ನ ಕಿವಿಯಲ್ಲಿ, "ಹಸು ಮೇಯಿಸಿದೋರು. ಹಿಂದಿಂದಲೇ ಬರ್ತಾರೆ, ಬಿಡು" ಎಂದಳು.

ಕಣಿವೆಯೊಳಗೆ ತಣ್ಣಗಿತ್ತು. ಕೈ ಚಾಚಿದರೆ ಎರಡೂ ಕಡೆಯ ಕೆಂಪು ಗೋಡೆ ಮುಟ್ಟುವಷ್ಟು ಇಕ್ಕಟ್ಟು. ಅಪ್ಪ ಗೋಡೆಯನ್ನು ಹಸುವಿನ ಬೆನ್ನು ಸವರುವ ಹಾಗೆ ಸವರಿದರು.

"ಇಲ್ಲಿ ಏನೂ ಬೆಳೆಯಲ್ಲ, ಅಲ್ವೇನಪ್ಪ ಡಲ್ಲಿನ್?"

"ಏನೂ ಇಲ್ಲ, ವರ್ನನ್."

"ಮತ್ತೆ ಇಷ್ಟು ಜಾಗ ಯಾತಕ್ಕೆ?"

"ನೋಡೋದಕ್ಕೆ."

ಅಪ್ಪ ಸ್ವಲ್ಪ ಹೊತ್ತು ತಲೆಯೆತ್ತಿ ನೋಡಿದರು. "ಆಗಲಿ, ನೋಡೋಕೆ ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಬ್ರೆಡ್ಡು, ಹಂದಿಮಾಂಸ, ಅಮ್ಮನ ಚೀಸ್ ತಿಂದೆವು. ವಿನ್ನಿ ಒಂದು ಬಾಟಲಿ ನೀರು ಕುಡಿದಳು, ಇನ್ನೊಂದನ್ನು ಮರಳಿಗೆ ಕುಡಿಸಿದಳು. ಉಳಿದದ್ದು ಒಂದೇ ಬಾಟಲಿ, ಅದೂ ಅರ್ಧ. ಗಂಟೆಯೊಳಗೆ ಟ್ರಕ್ಕಿನಲ್ಲಿರುತ್ತೇವಲ್ಲ ಎಂದು ನಾನು ತಲೆಕೆಡಿಸಿಕೊಳ್ಳಲಿಲ್ಲ.

ಮೂರೂವರೆಗೆ ಹೊರಟು ಬಂಡೆ ಹತ್ತಿದೆವು. ಡಲ್ಲಿನ್ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಇಲ್ಲೇ ಒಂದು ಗುಪ್ಪೆ ಇತ್ತಲ್ಲ ಹೈಡಿ?" ನನ್ನನ್ನು ಕೇಳಿದ.

ಇತ್ತು. ಈಗಿರಲಿಲ್ಲ. ಹೋಗುವಾಗ ಕಂಡ ಬಂಡೆ ಬರುವಾಗ ಬೇರೆಯದೇ ಮುಖ ತೋರಿಸುತ್ತದೆ. ಎದುರಿಗೆ ಮೂರು ಏರುಗಳು, ಮೂರೂ ಒಂದೇ ಥರ. ಅದರಲ್ಲಿ ಎರಡು ಸೀದಾ ಪ್ರಪಾತದ ಅಂಚಿಗೆ ಒಯ್ಯುತ್ತವೆ ಎಂದು ಡಲ್ಲಿನ್‌ಗೆ ಗೊತ್ತು. ಯಾವ ಎರಡು ಎಂದು ಗೊತ್ತಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ವಿನ್ನಿಯ ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು. ಸೂರ್ಯ ಇಳಿದರೆ ಅದೇ ಬಂಡೆ ಮೇಲೆ ಹಲ್ಲು ಕಟಕಟಿಸುವ ಚಳಿ. ನಾನು ಬಾಟಲಿಯನ್ನು ಅಲುಗಾಡಿಸಿ ನೋಡಿ ಚೀಲದೊಳಗಿಟ್ಟೆ.

ಹಿಂದಿನಿಂದ ಅಪ್ಪ ಕೇಳಿದರು. "ಏನು ಹುಡುಕ್ತಿದ್ದೀರಾ? ಆ ಸಣ್ಣ ಕಲ್ಲಿನ ಗುಪ್ಪೆನಾ?"

"ಹೌದು. ನೋಡಿದ್ರಾ?"

"ತೆಗೆದು ಹಾಕಿದೆ. ದಾರಿ ನಡುವೆ ಇಟ್ಟಿದ್ರು, ಯಾರಾದ್ರೂ ಎಡವಿ ಬಿದ್ದಾರು ಅಂತ."

ವಿಸ್ಕಾನ್ಸಿನ್‌ನ ನಮ್ಮ ಕಡೆ ಪ್ರತಿ ಚಳಿಗಾಲ ಮುಗಿದಾಗ ಹೆಪ್ಪುಗಟ್ಟಿದ ನೆಲ ಹೊಲದೊಳಗಿನ ಕಲ್ಲುಗಳನ್ನು ಮೇಲಕ್ಕೆ ತಳ್ಳಿರುತ್ತದೆ. ನೇಗಿಲು ಹೂಡುವ ಮೊದಲು ಮನೆಮಂದಿಯೆಲ್ಲ ಅವನ್ನು ಹೆಕ್ಕಬೇಕು. ನಲವತ್ತೈದು ವಸಂತ ಕಲ್ಲು ಹೆಕ್ಕಿದ ಕೈ, ಪಾಪ, ಸುಮ್ಮನೆ ಹೇಗೆ ಬಂದೀತು?

"ಎಷ್ಟು ತೆಗೆದ್ರಿ, ವರ್ನನ್?" ಡಲ್ಲಿನ್ ಬಹಳ ಮೆತ್ತಗೆ ಕೇಳಿದ.

"ಎಲ್ಲಾನೂ."

"ರಜೆಗೆ ಕರ್ಕೊಂಡು ಬಂದ್ರೂ ಈ ಮನುಷ್ಯ ಊರವರ ಹೊಲ ಚೊಕ್ಕ ಮಾಡಿ ಹೋಗ್ತಾರೆ," ಅಮ್ಮ ಹೇಳಿದಳು. "ಅದು ದಾರಿ ಗುರುತು, ಮಾರಾಯ್ರೇ. ನನಗೇ ಗೊತ್ತಾಯ್ತು."

"ಗೊತ್ತಾಗಿದ್ರೆ ಹೇಳೋಕೇನಾಗಿತ್ತು?"

"ನೀವು ಕೀಳ್ತಿದ್ದೀರಿ ಅಂತ ಗೊತ್ತಾಗೋಕೆ ನನಗೇನು ಬೆನ್ನಲ್ಲಿ ಕಣ್ಣಿದೆಯಾ?"

ಅಪ್ಪನ ಮುಖ ಸಣ್ಣದಾಯಿತು. ಮೊಮ್ಮಗಳ ಕೆಂಪು ಕೆನ್ನೆಯನ್ನು ನೋಡಿದರು, ಟೋಪಿ ತೆಗೆದು ಅವಳ ತಲೆಗಿಟ್ಟರು. ನಾನು ಕೇಳಿದೆ, "ಅಪ್ಪ, ಕಿತ್ತ ಕಲ್ಲನ್ನ ಎಲ್ಲಿ ಎಸೆದ್ರಿ?"

"ಎಸೆಯೋದೇ? ಹೊಲದ ನಡುವೆ ಕಲ್ಲು ಎಸೆಯೋಕೆ ನಾನೇನು ಸೋಮಾರಿಯಾ? ಹತ್ತಿರದ ಮರದ ಬುಡಕ್ಕೆ ಇಟ್ಟಿದ್ದೀನಿ. ನೇಗಿಲು ಅಲ್ಲಿಗೆ ಬರಲ್ಲ."

ಆ ಬಂಡೆಗಳ ಬಿರುಕಿನಲ್ಲಿ ಅಲ್ಲೊಂದು ಇಲ್ಲೊಂದು ಕುಳ್ಳು ಜುನಿಪರ್ ಮರ. ನಡುವಿನ ಏರಿನ ಮೊದಲ ಮರದ ಬುಡದಲ್ಲಿ ಏನೂ ಇರಲಿಲ್ಲ. ಬಲಗಡೆ ಏರಿನ ಮರದ ಬುಡದಲ್ಲಿ ಐದು ಕಲ್ಲು, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ. ಡಲ್ಲಿನ್ ಜೋರಾಗಿ ನಕ್ಕುಬಿಟ್ಟ. ಬೆನ್ನ ಮೇಲಿದ್ದ ವಿನ್ನಿಯೂ ಕುಲುಕಿ ನಕ್ಕಳು.

ಅಲ್ಲಿಂದ ಮರದಿಂದ ಮರಕ್ಕೆ ನಡೆದೆವು. ಆದರೆ ಅಪ್ಪ ಪ್ರತಿ ಸಲವೂ ಗುಪ್ಪೆಯನ್ನು ಮತ್ತೆ ಕಟ್ಟಲು ಹಿಂದೆ ಉಳಿದರು.

"ಮೊಣಕಾಲು ನೋವಲ್ವಾ ಅಪ್ಪ? ನಾಳೆ ಡಲ್ಲಿನ್ ಬಂದು ಕಟ್ತಾನೆ."

"ಇವತ್ತು ಯಾರಾದ್ರೂ ಮಗು ಕರ್ಕೊಂಡು ಬಂದ್ರೆ?" ಎಂದರು, ತಲೆಯೆತ್ತದೆ. "ನೀವು ನಡೀರಿ. ನಾನು ಕಟ್ಕೊಂಡು ಬರ್ತೀನಿ."

ಹತ್ತೊಂಬತ್ತು ಗುಪ್ಪೆ ಕಟ್ಟಿದರು. ಮೊದಲಿದ್ದದ್ದು ಮೊಣಕಾಲಿಗಿಂತ ಕೆಳಗೆ. ಅಪ್ಪನದ್ದು ಸುತ್ತಲಿನ ಇನ್ನಷ್ಟು ಕಲ್ಲು ಸೇರಿಸಿ ಮೊಣಕಾಲಿಗಿಂತ ಮೇಲಕ್ಕೆ, ಚೌಕವಾಗಿ, ಕಾಲಲ್ಲಿ ತಳ್ಳಿದರೂ ಅಲ್ಲಾಡದಂತೆ. ನಾವು ಟ್ರಕ್ ತಲುಪಿ, ವಿನ್ನಿ ತಣ್ಣನೆಯ ನೀರು ಕುಡಿದು ಅಮ್ಮನ ಮಡಿಲಲ್ಲಿ ನಿದ್ದೆಹೋಗಿ ಒಂದೂವರೆ ಗಂಟೆಯಾದ ಮೇಲೆ ಅಪ್ಪ ಕುಂಟುತ್ತ ಬಂದು ಕೊನೆಯದನ್ನು ಶುರು ಮಾಡಿದರು. ಆಗಲೇ ಇಬ್ಬರು ಹುಡುಗಿಯರು ಬೆನ್ನ ಮೇಲೆ ಡೇರೆ ಹೊತ್ತು ಬಂದರು.

"ಕಣಿವೆಗೆ ದಾರಿ ಇದೇನಾ?"

"ಇದೇ. ಕಲ್ಲಿನ ಗುಪ್ಪೆ ನೋಡ್ಕೊಂಡು ಹೋಗಿ," ಅಪ್ಪ ಕೈಯ ಧೂಳು ಕೊಡವುತ್ತ ಹೇಳಿದರು. "ಎಲ್ಲಾ ಗಟ್ಟಿಯಾಗಿವೆ. ನಾನೇ ಕಟ್ಟಿದ್ದು."

"ಕಿತ್ತಿದ್ದು ಯಾರು ಅಂತಾನೂ ಹೇಳಿ," ಅಮ್ಮ ಕಿಟಕಿಯಿಂದ ಕೂಗಿದಳು.

"ಅವರು ಅದನ್ನ ಕೇಳ್ಲಿಲ್ಲ," ಎಂದು ಅಪ್ಪ ಟ್ರಕ್ ಹತ್ತಿದರು.