ಸಭೆಗೆ ಮೊದಲೇ ಕಳಿಸಿದ ತಿದ್ದುಪಡಿ

ರತ್ನಕ್ಕ, ಹಾಲಿನ ಫ್ಯಾಟ್‌ನಲ್ಲಿ ನೀವು ಮೋಸ ಮಾಡಿರಲಿಲ್ಲ. ತಪ್ಪು ನನ್ನದು. ನಿಮ್ಮನ್ನು ಟೆಸ್ಟರ್ ಕೆಲಸದಿಂದ ತೆಗೆದ ದಿನವೇ ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ.

ಮುಳಬಾಗಿಲು ಕಡೆಯ ಹಾಲಿನ ಡೈರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನಿಮ್ಮೂರ ಡೈರಿಯ ಫ್ಯಾಟ್ ಮಿಷನ್ನಿನ ಪರದೆ ಕೆಟ್ಟಿತ್ತು. ಅಂಕಿಯನ್ನು ಕಂಪ್ಯೂಟರೇ ಓದಿ, ಅದರ ಮೇಲೆ ಹಾಲಿನ ದರ ಹಾಕಿ ಚೀಟಿ ಕೊಡಬೇಕಿತ್ತು. ಹಾಗೆ ಓದುವುದಕ್ಕೆ, ಕಂಪ್ಯೂಟರನ್ನು ನಡೆಸುವ ಕರ್ನಲ್ ಎಂಬ ಮೂಲ ಪ್ರೋಗ್ರಾಮಿನ ಜೊತೆ ಮಾಡ್ಯೂಲ್ ಎಂಬ ಒಂದು ಸಣ್ಣ ಪ್ರೋಗ್ರಾಮು ಇರುತ್ತದೆ. ಅದು ಆಗಾಗ ಪಾಯಿಂಟಿನ ಆಚೆಯ ಅಂಕಿಯನ್ನು ನುಂಗುತ್ತಿತ್ತು, ನಾಲ್ಕೂವರೆ ಬರೀ ನಾಲ್ಕಾಗುತ್ತಿತ್ತು. ಅದನ್ನು ತಿದ್ದಿದವನು ನಾನೇ. ಹಂಚುವಾಗ ಮಾತ್ರ ಸೋಮಾರಿತನ ಮಾಡಿದೆ. ಸರಿಯಾಗಿ ಪ್ಯಾಕೇಜ್ ಮಾಡಿದ್ದರೆ, ಕರ್ನಲ್ ಬದಲಾದಾಗಲೆಲ್ಲ ತಿದ್ದಿದ ಮಾಡ್ಯೂಲ್ ತಾನಾಗಿಯೇ ಮತ್ತೆ ತಯಾರಾಗುತ್ತಿತ್ತು. ಯಾರು ಕೂತು ಮಾಡುತ್ತಾರೆ ಎಂದುಕೊಂಡು, ಪೆನ್‌ಡ್ರೈವ್ ಜೇಬಿಗೆ ಹಾಕಿ, ಬೈಕಿನಲ್ಲಿ ಡೈರಿಯಿಂದ ಡೈರಿಗೆ ಹೋಗಿ ಹಳೆಯ ಫೈಲಿನ ಮೇಲೆ ಹೊಸದನ್ನು ಕಾಪಿ ಮಾಡಿ ಬಂದೆ. ಮುಂದಿನ ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬಂತು. ಅದರ ಜೊತೆ ತಿದ್ದದ ಮಾಡ್ಯೂಲೇ ಬಂದು ಕೂತಿತು.

ಹಾಲು ಹಾಕುವ ಹೆಂಗಸರು ಚೀಟಿ ಹಿಡಿದುಕೊಂಡು ನಿಮ್ಮ ಮೇಲೆ ಬಿದ್ದರು. ಫ್ಯಾಟ್ ಕಡಿಮೆ ತೋರಿಸಿ ಉಳಿದ ದುಡ್ಡನ್ನು ನೀವೇ ತಿನ್ನುತ್ತೀರಿ ಎಂದರು — ನಿಮ್ಮ ಓರಗಿತ್ತಿಯೂ ಅಂದಳಂತೆ. ಸುದ್ದಿ ಕೇಳಿದ ಕೂಡಲೇ ಏನಾಗಿದೆ ಎಂದು ನನಗೆ ಹೊಳೆಯಿತು. ನಿಮ್ಮನ್ನು ವಿಚಾರಿಸಲು ಡೈರಿಯಲ್ಲಿ ಕರೆದಿದ್ದ ಸಭೆಯ ದಿನ ಬೆಳಿಗ್ಗೆ ಕೋಲಾರದ ಆಫೀಸಿನಲ್ಲಿ ಕೂತು, ಮೊದಲೇ ಮಾಡಬೇಕಿದ್ದ ಹಾಗೆ ಪ್ಯಾಕೇಜ್ ಮಾಡಿ, ನೆಟ್ಟಿನಲ್ಲೇ ಎಲ್ಲ ಡೈರಿಗಳಿಗೂ ಕಳಿಸಿದೆ. ಆಮೇಲೆ ನಿಮ್ಮೂರ ಸಭೆಗೆ ಬಂದೆ.

"ಮಿಷನ್ನೇ ಹಂಗೆ ತೋರಿಸ್ತೈತೆ, ನಾನೇನ್ ಮಾಡ್ಲಿ," ಎಂದಿರಿ ನೀವು.

ಡೈರಿಯ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀನೇ ಹೇಳಪ್ಪ, ಮಿಷನ್ ಸರಿಗೈತಾ?"

"ಸರಿಗೈತೆ," ಎಂದೆ.

ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಎಲ್ಲರ ಎದುರೇ ಹಾಲು ಹಾಕಿ ನೋಡಿದರು. ಅಂಕಿ ಸರಿಯಾಗಿಯೇ ಬಂತು. ನೀವು ನನ್ನ ಮುಖವನ್ನೇ ನೋಡಿದಿರಿ. ನಾನು — ನಾನು ವೈರು ಸುತ್ತುತ್ತಾ ಕೂತೆ. ಆ ಹೇಡಿತನಕ್ಕೆ ಇಂದಿಗೂ ಅಸಹ್ಯವಾಗುತ್ತದೆ.

ಈಗ ನೀವು ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುತ್ತೀರಿ. ಎಷ್ಟೋ ಸಲ ಆ ಬಸ್ಸಿನವರೆಗೂ ಬಂದು ಹಿಂದಿರುಗಿದ್ದೇನೆ. ಹೋದ ತಿಂಗಳು ಡೈರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಧ್ಯಕ್ಷರು ತೀರಿಕೊಂಡಿದ್ದರು, ಆ ಕಂಪ್ಯೂಟರು ಗುಜರಿಗೆ ಹೋಗಿತ್ತು. "ಈಗ್ಯಾಕ್ ಬಿಡಿ ಸಾರ್ ಅದೆಲ್ಲ," ಎಂದರು ಹೊಸಬರು.

ಅಲ್ಲಿಂದ ಎದುರಿನ ಟೀ ಅಂಗಡಿಗೆ ಬಂದೆ. ನೀರಾದ ಹಾಲಿಗೆ ನಿಮ್ಮೂರಿನಲ್ಲಿ ಇನ್ನೂ ನಿಮ್ಮ ಹೆಸರೇ, ರತ್ನಕ್ಕ. ಒಬ್ಬ ಲೋಟ ನೋಡಿ, "ಏನ್ಲಾ, ರತ್ನಕ್ಕನ ಹಾಲಾ ಇದು?" ಎಂದ. ಎಲ್ಲರೂ ನಕ್ಕರು. ನಾನು ಎದ್ದು ನಿಂತು, ತಪ್ಪು ರತ್ನಕ್ಕನದಲ್ಲ, ನಾನು ಮಾಡಿದ ಕಂಪ್ಯೂಟರ್ ಕೆಲಸದ್ದು ಎಂದೆ.

ಅದಕ್ಕೂ ನಕ್ಕರು.