ಮದ್ದೂರಿನ ರೂಮು, ತಂಗಿಯ ನೋಟ್‌ಬುಕ್ಕು

ಮದ್ದೂರಿನಲ್ಲಿ ಬಸ್ಸಿಳಿದ ಮೊದಲ ದಿನವೇ ನಾನು ಒಂದು ಜಗಳ ಬಿಡಿಸಲು ಹೋದೆ. ಹೂವಿನ ಅಂಗಡಿಯ ಮುಂದೆ ಇಬ್ಬರು ಹೆಂಗಸರು ಕೈ ಬೀಸಿ ಬೀಸಿ ಕೂಗಾಡುತ್ತಿದ್ದರು.

"ಏನಮ್ಮಿ, ಸತ್ತೋಗಿದ್ಯಾ? ಕಣ್ಣಿಗೇ ಬೀಳಕಿಲ್ಲ!"

"ನೀನ್ ಬದುಕಿದ್ದೀಯಲ್ಲ, ಸಾಕು ಬುಡು!"

ನಾನು ಚೀಲ ಕೆಳಗಿಟ್ಟು ಅವರ ನಡುವೆ ನಿಂತೆ. "ಇರ್ಲಿ ಬಿಡ್ರೆವ್ವಾ, ದಾರ್ಯಾಗ ಯಾಕ ಜಗಳಾಡ್ತೀರಿ?" ಇಬ್ಬರೂ ನನ್ನನ್ನು ಮೇಲಿಂದ ಕೆಳಗೆ ನೋಡಿ ಗೊಳ್ಳೆಂದು ನಕ್ಕರು. ಅವರು ಹಳೆಯ ಗೆಳತಿಯರಂತೆ. ಬಹಳ ದಿನದ ಮೇಲೆ ಸಿಕ್ಕಿದ್ದರು, ಯೋಗಕ್ಷೇಮ ವಿಚಾರಿಸುತ್ತಿದ್ದರು.

ಇಂಡಿ ತಾಲೂಕಿನ ನಮ್ಮೂರಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ ಎಂದು ನಿಮಗೆ ಗೊತ್ತು. ತಪ್ಪಿದ್ದರೆ ತಿದ್ದಿಕೊಳ್ಳಿ. ಅಕ್ಷರದ ತಪ್ಪಿಗಿಂತ ದೊಡ್ಡದೊಂದು ತಪ್ಪನ್ನು ಇಲ್ಲಿ ಮಾಡಿದ್ದೇನೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ನನ್ನ ತಂಗಿ ಸಾವಿತ್ರಿಯನ್ನು ಮದ್ದೂರಿನ ಹತ್ತಿರದ ವೈದ್ಯನಾಥಪುರಕ್ಕೆ ಕೊಟ್ಟದ್ದು ನೆನಪಿರಬೇಕು. ಈ ಕಡೆ ಗಂಡುಗಳಿಗೆ ಹೆಣ್ಣು ಸಿಗುವುದು ಕಷ್ಟವಾಗಿ, ನಮ್ಮ ಕಡೆಗೆ ಹುಡುಕಿಕೊಂಡು ಬರುತ್ತಿದ್ದರು. ಗಂಡ ಮಂಜುನಾಥ ಮದ್ದೂರು–ಮಳವಳ್ಳಿ ಖಾಸಗಿ ಬಸ್ಸಿನ ಕಂಡಕ್ಟರ್. ಒಳ್ಳೆಯವನು. ಅವರ ಮಗಳು ಭೂಮಿಕಾಗೆ, ನಮ್ಮ ಭೂಮಿಗೆ, ಈಗ ನಾಲ್ಕು ವರ್ಷ. ಎರಡು ದಾಟಿದರೂ ಅವಳು ಮಾತಾಡಲಿಲ್ಲ, ಕರೆದರೆ ತಿರುಗಲಿಲ್ಲ. ಮಂಡ್ಯದ ಡಾಕ್ಟರು ನೋಡಿ ಆಟಿಸಂ ಎಂದರು. ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆ, ಇದು ಯಾರ ತಪ್ಪೂ ಅಲ್ಲ ಎಂದೂ ಹೇಳಿದರು. ಅದೇ ವಾರ ಸಾವಿತ್ರಿ ನನಗೆ ಫೋನ್ ಮಾಡಿ, "ಅಕ್ಕಾ, ಎರಡು ತಿಂಗಳ ಮಟ್ಟಿಗೆ ಬಾ" ಎಂದಳು. ನನ್ನ ಗಂಡ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಬಂದೆ. ಎರಡು ತಿಂಗಳು ಹೋಗಿ ಎರಡು ವರ್ಷವಾಯಿತು.

ನಮ್ಮಲ್ಲಿ ನೀರು ಕಾಣಬೇಕಾದರೆ ಬಾವಿಯೊಳಗೆ ಬಗ್ಗಬೇಕು. ಇಲ್ಲಿ ನಾಲೆಯಲ್ಲಿ ಅದು ಮನೆಯ ಪಕ್ಕವೇ ಹರಿದುಹೋಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿನಿಂದ ಊಟದ ಹೊತ್ತು ತಿಳಿಯುತ್ತದೆ. ಇಲ್ಲಿ ಮುದ್ದೆ ಸದ್ದಿಲ್ಲದೆ ತಟ್ಟೆಗೆ ಬಂದು ಕೂರುತ್ತದೆ. ಬಸ್ಸಾರು ಎಂಬುದೊಂದಿದೆ. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು ಮಾಡುತ್ತಾರೆ, ಸೊಪ್ಪನ್ನು ಪಲ್ಯ ಮಾಡುತ್ತಾರೆ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಈಗ ಅದಿಲ್ಲದೆ ನನಗೆ ಊಟ ಸೇರುವುದಿಲ್ಲ.

ಮದ್ದೂರಿನ ಗಾರ್ಮೆಂಟ್ಸ್‌ನಲ್ಲಿ ಕಾಲರು ಕೂರಿಸುವ ಕೆಲಸ ಸಿಕ್ಕಿತು. ಮನೆ ಸಿಗುವುದು ತಡವಾಯಿತು. ಒಂಟಿ ಹೆಂಗಸು ಎಂದು ಒಬ್ಬರು, ಬಿಜಾಪುರದ ಕಡೆಯವಳು ಎಂದು ಇನ್ನೊಬ್ಬರು ಕೊಡಲಿಲ್ಲ. ಕೊನೆಗೆ ಅಂಗಡಿ ಸಾಲಿನ ಮೇಲೆ ಒಂದು ರೂಮು ಸಿಕ್ಕಿತು. ಒಂದು ಕಿಟಕಿ, ಒಂದು ನಲ್ಲಿ. ಆ ರೂಮು ಸಾವಿತ್ರಿಗೆ ನನಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಇಂಥ ಮಕ್ಕಳ ತಾಯಿತಂದೆಯರಿಗೆಂದೇ ಫೋನಿನಲ್ಲಿ ಒಂದು ಕ್ಲಾಸು ನಡೆಯುತ್ತದೆ. ಐತವಾರ, ಇಲ್ಲಿಯವರ ಭಾನುವಾರ, ಹನ್ನೊಂದರಿಂದ ಹನ್ನೆರಡು. ಬೇರೆ ಬೇರೆ ಊರುಗಳ ಆರು ತಾಯಂದಿರು, ಒಬ್ಬರು ಮೇಡಮ್ಮು. ಅದು ಮಗುವನ್ನು ಸರಿ ಮಾಡುವ ಕ್ಲಾಸಲ್ಲ. ಹೆತ್ತವರು ಹಗಲೆಲ್ಲ ತಮ್ಮನ್ನೇ ಬೈದುಕೊಂಡು ಸುಸ್ತಾಗುತ್ತಾರಲ್ಲ, ಆ ಬೈಗುಳವನ್ನು ಹಿಡಿದು ನೋಡುವುದನ್ನು ಕಲಿಸುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಮೂರು ಗೆರೆ, ಅಂದರೆ ಮೂರು ಕಾಲಮ್ಮು, ಹಾಕಬೇಕು. ಮೊದಲನೆಯದರಲ್ಲಿ ಏನಾಯಿತು. ಎರಡನೆಯದರಲ್ಲಿ ಆ ಹೊತ್ತು ಮನಸ್ಸಿಗೆ ಬಂದ ವಿಚಾರ, ಎಷ್ಟೇ ಕೆಟ್ಟದಿರಲಿ, ಬಂದ ಹಾಗೆಯೇ. ಮೂರನೆಯದನ್ನು ಖಾಲಿ ಬಿಟ್ಟು ಬರಬೇಕು. ಆ ವಿಚಾರ ಪೂರ್ತಿ ಖರೆಯೋ, ಬೇರೆ ರೀತಿಯಲ್ಲೂ ನೋಡಬಹುದೋ ಎಂದು ಕ್ಲಾಸಿನಲ್ಲಿ ಮಾತಾಡಿ ತುಂಬುವುದು. ನಮ್ಮೂರಿನಲ್ಲಿ ಕೆಟ್ಟ ವಿಚಾರ ಬಂದರೆ ತುಟಿ ಕಚ್ಚಿಕೊಂಡು ಸುಮ್ಮನಿರುತ್ತೇವೆ. ಬರೆದಿಡುವುದನ್ನು ನಾನು ಕೇಳಿರಲಿಲ್ಲ.

ಮನೆಯಲ್ಲಿ ಅತ್ತೆ ಕೆಂಪಮ್ಮನ ಕಣ್ಣು ತಪ್ಪಿಸಿ ಇದನ್ನು ಮಾಡುವುದು ಕಷ್ಟವೆಂದು ಸಾವಿತ್ರಿ ನನ್ನ ರೂಮಿಗೆ ಬರುತ್ತಿದ್ದಳು. ಅವಳು ಬಾಗಿಲು ಹಾಕಿಕೊಂಡರೆ ನಾನು ಭೂಮಿಯನ್ನು ಕೆಳಗೆ ಕರೆದೊಯ್ಯುತ್ತಿದ್ದೆ. ಐತವಾರ ಮುಚ್ಚಿದ ಅಂಗಡಿಗಳ ಷಟರಿನ ಮೇಲೆ ಅವಳು ಬೆರಳು ಎಳೆದುಕೊಂಡು ಹೋಗುತ್ತಾಳೆ. ಗರ್ ಗರ್ ಎಂದು ಸದ್ದು ಬಂದರೆ ಅವಳ ಮುಖ ಅರಳುತ್ತದೆ. ಹನ್ನೆರಡಕ್ಕೆ ಸಾವಿತ್ರಿ ಮುಖ ತೊಳೆದು ಬಾಗಿಲು ತೆಗೆದು, ನೋಟ್‌ಬುಕ್ಕನ್ನು ನನ್ನ ಟ್ರಂಕಿನಲ್ಲಿಟ್ಟು ಹೋಗುತ್ತಿದ್ದಳು. ಕೆಲವು ತಿಂಗಳಲ್ಲಿ ಅವಳು ಮತ್ತೆ ನಗತೊಡಗಿದ್ದಳು.

ಒಂದು ಬುಧವಾರ ಸಂಜೆ ಅವಳು ಓಡುತ್ತ ಬಂದು ನೋಟ್‌ಬುಕ್ಕಿನಲ್ಲಿ ಏನೋ ಗೀಚಿ, ಅದನ್ನು ಟ್ರಂಕಿನಲ್ಲಿಟ್ಟು ಹೊರಟುಹೋದಳು. ಕಣ್ಣು ಕೆಂಪಾಗಿತ್ತು. ನಾನು ಟ್ರಂಕು ತೆಗೆದೆ. ತೆಗೆಯಬಾರದಿತ್ತು. ಬೆರಳಿಟ್ಟು ನಿಧಾನವಾಗಿ ಓದಿದೆ. ಮೊದಲ ಗೆರೆಯಲ್ಲಿ: "ಮಳವಳ್ಳಿ ಸರಕಾರಿ ಬಸ್ಸಿನಾಗ ಭೂಮಿ ಕೆಳಗ ಬಿದ್ದು ಹೊರಳಾಡಿದ್ಲು. ಮಗೀನ ಬೆಳೆಸಾಕ ಬರಲ್ವಾ ಅಂತ ಮಂದಿ ಅಂದ್ರು." ಎರಡನೆಯದರಲ್ಲಿ: "ಇಕಿನ್ನ ಇಲ್ಲೇ ಬಿಟ್ಟು ಇಳಿದು ಹೋಗಿಬಿಡ್ಲೇನು ಅನಿಸ್ತು." ಮೂರನೆಯದು ಖಾಲಿ.

ಖಾಲಿ ಇದ್ದದ್ದು ಐತವಾರ ಇನ್ನೂ ಬಂದಿರಲಿಲ್ಲವೆಂದು. ಅದು ನನಗೆ ಹೊಳೆಯಲೇ ಇಲ್ಲ. ಇವಳು ಮಗು ಬಿಟ್ಟು ಹೋಗುತ್ತಾಳೆ ಎಂದೇ ತಿಳಿದೆ. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಮಂಜುನಾಥ ಮೆಟ್ಟಿಲ ಮೇಲೆ ನಿಂತು ಮಳವಳ್ಳಿ, ಮಳವಳ್ಳಿ ಎಂದು ಕೂಗುತ್ತಿದ್ದ. ಪಕ್ಕಕ್ಕೆ ಕರೆದು ಹೇಳಿದೆ.

ಅವನ ಮುಖ ಬಿಳಿಚಿತು. "ಅಕ್ಕೋ, ನಿಜ್ವಾಗ್ಲೂ ಅವಳೇ ಬರ್ದವ್ಳಾ?"

"ಅಕಿ ಕೈಬರಹನೇ, ನಾ ಓದೀನಿ."

ಹಿಂದಿನಿಂದ ಯಾರೋ, "ಲೇ ಮಂಜ, ಬಸ್ ಬುಡ್ತೀಯೋ, ಇಲ್ಲೇ ಸಂಸಾರ ಊಡ್ತೀಯೋ?" ಎಂದು ಕೂಗಿದರು. ಬಸ್ಸು ಹೊರಟಿತು.

ಅಂದೇ ಸಾವಿತ್ರಿಯ ಫೋನು ಅತ್ತೆಯ ಕೈಗೆ ಹೋಯಿತು. ಮಗುವಿನೊಂದಿಗೆ ಒಬ್ಬಳೇ ಹೊರಗೆ ಹೋಗುವುದೂ ನಿಂತಿತು. ಆ ಐತವಾರ ಅವಳು ಬರಲಿಲ್ಲ, ಮುಂದಿನ ಐತವಾರವೂ ಇಲ್ಲ. ಮೂರನೆಯ ಐತವಾರ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನಾನೇ ವೈದ್ಯನಾಥಪುರಕ್ಕೆ ಹೋದೆ.

ಸಾವಿತ್ರಿ ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಲಿಲ್ಲ.

"ಬಿಟ್ಟು ಹೋಗಾಕಿ ಬರದಿಟ್ಟು ಹೋಗ್ತಾಳೇನ ಅಕ್ಕಾ? ಬರದ್ರ ಅದು ತಲಿಯಿಂದ ಇಳೀತದ. ಅದಕ್ಕ ಬರಿಯಾದು."

"ನನಗ ತಿಳೀಲಿಲ್ಲವ್ವಾ."

"ತಿಳೀದಿದ್ರ ನನ್ನ ಕೇಳಬೇಕಿತ್ತು. ಅವರಿಗ್ಯಾಕ ಹೇಳ್ದಿ?" ಕೈ ಒರೆಸಿಕೊಂಡು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನ ಮುಂದೆ ಹಿಡಿದಳು. "ಓದಾಕ ಬರ್ತದಲ್ಲ. ಓದು."

ಎರಡನೆಯ ಗೆರೆಯಲ್ಲಿ ನನ್ನ ಮಾತಿತ್ತು. ಭೂಮಿಗೆ ಎರಡು ತುಂಬಿದಾಗ ಊರಿನಿಂದ ಫೋನಿನಲ್ಲಿ ನಾನು ಅಂದದ್ದು: "ಕೂಸಿನ ಕೂಡ ನೀ ಎಲ್ಲಿ ಮಾತಾಡ್ತಿ? ಮಾತಾಡಿಸಿದ್ರ ಅದೂ ಮಾತಾಡತಿತ್ತು." ನಾನು ಅದನ್ನು ಮರೆತೇಬಿಟ್ಟಿದ್ದೆ. ಅವಳು ಇಲ್ಲಿ ಬಾಯಿ ಬಿಟ್ಟರೆ ಓಣಿಯವರು ನಮ್ಮ ಕಡೆಯ ಮಾತು ಕೇಳಿ ನಗುತ್ತಿದ್ದರಂತೆ. ಅದಕ್ಕೆ ಹೊರಗೆ ಮೌನವಾಗಿದ್ದವಳು ಮಗಳೊಬ್ಬಳ ಹತ್ತಿರ ಮಾತ್ರ ಇಡೀ ದಿನ ಮಾತಾಡುತ್ತಿದ್ದಳು. ಯಾರೂ ಕೇಳದ ಆ ಮಾತನ್ನೇ ನಾನು ಇಲ್ಲವೆಂದಿದ್ದೆ. ಡಾಕ್ಟರು ಯಾರ ತಪ್ಪೂ ಅಲ್ಲ ಎಂದ ಮೇಲೂ ಅವಳಿಗೆ ಕೇಳಿಸುತ್ತಿದ್ದದ್ದು ಅಕ್ಕನ ದನಿಯೇ.

ಮೂರನೆಯ ಗೆರೆ ತುಂಬಿತ್ತು. "ಅಕ್ಕಗ ಗೊತ್ತಿರಲಿಲ್ಲ. ದೂರ ಕುಂತು ಹೆದರಿ ಅಂದಾಳ. ಇದು ಖರೆ ಅಲ್ಲ."

ಎಂದೋ ಕ್ಷಮಿಸಿ ಬರೆದಿಟ್ಟಿದ್ದಳು. ಬರೆದ ಪುಸ್ತಕವನ್ನು ನನ್ನ ಟ್ರಂಕಿನಲ್ಲೇ ಇಟ್ಟಿದ್ದಳು.

ಸಂಜೆ ಮಂಜುನಾಥ ಬಂದ ಮೇಲೆ ನಡುಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಆದದ್ದು, ಕ್ಲಾಸು, ಗೆರೆಗಳು, ಫೋನಿನಲ್ಲಿ ನಾನಂದ ಮಾತು. ತಪ್ಪು ನನ್ನದು, ಅವಳ ಫೋನು ಕೊಡಿ ಎಂದೆ. ಮಂಜುನಾಥ ತಲೆ ತಗ್ಗಿಸಿದ. ಕೆಂಪಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಬುಕ್ಕ ಓದಿ ಕೆಟ್ಟೆ ಕಣವ್ವ ನೀನು. ಓದಕ್ ಬರ್ದೆ ಇರೋ ನಾನೇ ವಾಸಿ." ಆಮೇಲೆ ಸೊಸೆಯ ಕಡೆ ತಿರುಗಿ, ದನಿ ಇಳಿಸಿ, "ನಾನೂ ಅಂದಿದ್ನಲ್ಲ, ತಾಯಿ ಮೂಕಿ ಆದ್ರೆ ಮಗು ಎಂಗ್ ಮಾತಾಡೀತು ಅಂತ. ಅದನ್ನೂ ಬರ್ಕೊಂಡಿದ್ದೀಯಾ?"

"ಬರಕೊಂಡೀನಿ, ಅತ್ತೆ."

"ಬರ್ಕೊ. ಓಗ್ಲಿ ಅತ್ಲಾಗೆ." ಸೊಂಟದ ಚೀಲದಿಂದ ಫೋನು ತೆಗೆದು ಕೊಟ್ಟರು.

ಕ್ಲಾಸು ಮತ್ತೆ ಶುರುವಾಗಿದೆ, ಆದರೆ ನನ್ನ ರೂಮಿನಲ್ಲಲ್ಲ. ವೈದ್ಯನಾಥಪುರದ ಮನೆಯ ಮೇಲಿನ ಕೋಣೆಯಲ್ಲಿ, ನೆಟ್‌ವರ್ಕು ಸಿಗುವ ಮೂಲೆಯಲ್ಲಿ. ನೋಟ್‌ಬುಕ್ಕು ಈಗ ಕೆಂಪಮ್ಮನ ಪೆಟ್ಟಿಗೆಯಲ್ಲಿರುತ್ತದೆ. "ಅವರಿಗೆ ಓದಾಕ ಬರಂಗಿಲ್ಲ, ಅದಕ್ಕ" ಎಂದಳು ಸಾವಿತ್ರಿ, ನಾನು ಕೇಳುವ ಮೊದಲೇ. ನಾನು ಐತವಾರ ಅಲ್ಲಿಗೆ ಹೋಗಿ ಆ ಒಂದು ತಾಸು ಭೂಮಿಯನ್ನು ಜಗಲಿಯ ಮೇಲೆ ಆಡಿಸುತ್ತೇನೆ.

ಹೋದ ವಾರ ಊರಿನಿಂದ ಅಣ್ಣ ಫೋನ್ ಮಾಡಿದ್ದ. ನಿಂಬೆ ತೋಟದ ಹತ್ತಿರ ನನಗೆಂದು ಒಂದು ಕೋಣೆ ಹಾಕಿಸಿದ್ದಾನೆ, ಹೊಲಿಗೆ ಮಷೀನು ತರಿಸಿದ್ದಾನೆ. ಬಂದುಬಿಡು ಎಂದ. ಸಾವಿತ್ರಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಹೋಗು. ಹೋಗಬ್ಯಾಡ ಅನ್ನಂಗಿಲ್ಲ ನಾ. ಆದ್ರ ಐತವಾರ ಹನ್ನೊಂದಕ್ಕ ಭೂಮಿ ನಿನ್ನ ಹತ್ರನೇ ಇರಬೇಕು."

ಸಿಟ್ಟೋ ಚೇಷ್ಟೆಯೋ ತಿಳಿಯಲಿಲ್ಲ. ಇಲ್ಲಿಂದ ನಮ್ಮೂರಿಗೆ ಒಂದು ರಾತ್ರಿಯ ದಾರಿ. ಅಣ್ಣನಿಗೆ ಫೋನ್ ಮಾಡಿ, ಸೋಮವಾರ ಬರ್ತೀನಿ, ಶನಿವಾರ ಹೊರಡ್ತೀನಿ ಎಂದೆ.

"ಬಂದು ಮತ್ತ ಎಲ್ಲಿಗಿ ಹೊರಡ್ತಿ?" ಎಂದ.

ಬಾಯಿಗೆ ಬಂದದ್ದನ್ನೇ ಹೇಳಿದೆ. "ಊರಿಗೆ."