ಕೋವಿ ಇದ್ದ ಮನೆಗಳ ಲೆಕ್ಕ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಸಂಖ್ಯಾಶಾಸ್ತ್ರ ಕಲಿತ ಮೇಲೆ ಅದಕ್ಕೊಂದು ನೆಪವೂ ಸಿಕ್ಕಿತು. ಆಧಾರವಿಲ್ಲದೆ ಯಾರು ಮಾತಾಡಿದರೂ ಸುಮ್ಮನಿರಲಾರೆ. ಹಾಗೆ ಮಾತಾಡುವವರಲ್ಲಿ ಮೊದಲಿಗ ನನ್ನ ಅಪ್ಪಯ್ಯ.

ತೊಂಬತ್ತರ ದಶಕದ ಕೊನೆ. ಶಿರಸಿಯಲ್ಲಿ ಪಾಠ ಹೇಳುತ್ತಲೇ ಎಂ.ಫಿಲ್. ಮಾಡುತ್ತಿದ್ದೆ. ಕೋವಿ ಮತ್ತು ಅಪರಾಧದ ಕುರಿತು ಹೊರದೇಶದ ಪಂಡಿತರು ಜಗಳವಾಡಿದ ಲೇಖನಗಳ ಜೆರಾಕ್ಸ್ ಸದಾ ನನ್ನ ಚೀಲದಲ್ಲಿರುತ್ತಿತ್ತು. ಕೋವಿ ಹೆಚ್ಚಿದರೆ ಕಳವು ಕಡಿಮೆ ಎಂದು ಒಂದು ಪಂಗಡ; ಅದೇ ಅಂಕಿಗಳನ್ನು ಬೇರೆ ರೀತಿ ಜೋಡಿಸಿ ಹಾಗೇನಿಲ್ಲ ಎಂದು ಇನ್ನೊಂದು. ಶನಿವಾರ ಕಾನಸೂರಿನಲ್ಲಿ ಬಸ್ಸಿಳಿದು ಮನೆಗೆ ಹೋದರೆ ಅಪ್ಪಯ್ಯನಿಗೆ ಅದರದ್ದೇ ಪಾಠ.

"ಒಂದೇ ಅಂಕಿಗೆ ಎರಡು ಉತ್ತರನ? ಮಾಷ್ಟ್ರು ಎರಡಕ್ಕೂ ಮಾರ್ಕು ಕೊಡ್ತ್ವ?" ಎಂದು ನಗುತ್ತಿದ್ದ. ಮಂಗ, ಹಂದಿ ಓಡಿಸಲು ನಮ್ಮಲ್ಲೂ ಲೈಸೆನ್ಸಿನ ಕೋವಿ ಇತ್ತು. ಅವನದು ಅವನದೇ ಸಿದ್ಧಾಂತ: "ನಮ್ಮೂರಲ್ಲಿ ಮನೆಮನೆಗೂ ಕೋವಿ ಇದ್ದು. ಅದಕ್ಕೇ ಕಳ್ಳರು ಬತ್ವಿಲ್ಲೆ."

"ಮನೆಮನೆಗೂ ಬೆಕ್ಕೂ ಇದ್ದು ಅಪ್ಪಯ್ಯ. ಬೆಕ್ಕಿಗೆ ಹೆದ್ರಿ ಬತ್ವಿಲ್ಲೆ ಹೇಳಿ ಆನು ಹೇಳ್ಲಕ್ಕ?"

"ನಮ್ಮನೆ ಬೆಕ್ಕು ಇಲಿಗೇ ಹೆದರ್ತು."

ಈ ವಾದದಿಂದಲೇ ನನ್ನ ಪ್ರಬಂಧ ಹುಟ್ಟಿತು. ಕೋವಿ ಇದ್ದ ಮನೆ, ಇಲ್ಲದ ಮನೆ ಎರಡರಲ್ಲೂ ಕಳವಾಗಿದೆಯೇ ಎಂದು ಕೇಳಬೇಕು, ಒಂದನ್ನೂ ಬಿಡಬಾರದು. ಅದರ ಸಿದ್ಧತೆಗೇ ವರ್ಷ ಹಿಡಿಯಿತು. ಮನೆಮನೆ ಸುತ್ತಲು ನನಗೆ ರಜೆ ಇರಲಿಲ್ಲ. ಅಪ್ಪಯ್ಯ ಕೊಡೆ, ನೋಟುಪುಸ್ತಕ ಹಿಡಿದು ತಾನೇ ಹೊರಟ. ಎರಡು ವಾರ, ನೋಯುವ ಮೊಣಕಾಲಿನಲ್ಲಿ ಸುತ್ತಿ ಬಂದು ಹೆಮ್ಮೆಯಿಂದ ಪುಸ್ತಕ ಕೈಗಿಟ್ಟ.

ಮೊದಲ ಸಾಲು ನಮ್ಮ ಮನೆಯದೇ. ಕೋವಿ: ಇದೆ. ಕಳವು: ಇಲ್ಲ.

ಎರಡು ವರ್ಷದ ಹಿಂದೆ ನಮ್ಮ ಬಚ್ಚಲಮನೆಯ ತಾಮ್ರದ ಹಂಡೆ ಹೋಗಿತ್ತು. ಒಂದು ತಿಂಗಳು ಕಳೆದ ಮೇಲೆ ಅದರ ಪಾಡಿಗೆ ಅದು ಅಂಗಳದಲ್ಲಿ ಬಂದು ಕುಳಿತಿತ್ತು.

"ಹಂಡೆ ಎಂತಾತು ಅಪ್ಪಯ್ಯ?" ಎಂದೆ.

ಮೊಣಕಾಲು ನೀವಿಕೊಳ್ಳುತ್ತ ಹೇಳಿದ. ಮಂಗ ಓಡಿಸಿ ಬರುತ್ತಿದ್ದಾಗ ಹಳ್ಳ ದಾಟುವ ಸಂಕದ ಮೇಲೆ ಒಬ್ಬ ಎದುರಾದನಂತೆ, ತಲೆಯ ಮೇಲೆ ನಮ್ಮ ಹಂಡೆ. ನಮ್ಮೂರಿನವನೇ, ನಮ್ಮ ಪಂಕ್ತಿಯಲ್ಲೇ ಕುಳಿತು ಉಣ್ಣುವವನು. "ಕೋವಿ ನೋಡಿ ನಡುಗ್ತಾ ಇದ್ದಿದ್ದ. ಯಂಗೇ ನಾಚ್ಕೆ ಆತು. ಕೋವಿ ಬೇಲಿಗೆ ಒರಗ್ಸಿಟ್ಟಿ. ತಗಂಡು ಹೋಗು, ಕಷ್ಟ ಮುಗದ ಮೇಲೆ ತಂದಿಡು ಹೇಳಿದಿ. ಆನೇ ಕೊಟ್ಟಿದ್ದು ಕಳವು ಹೆಂಗಾಗ್ತು?"

ಅಪ್ಪಯ್ಯನಂಥವರು ಇನ್ನೆಷ್ಟು ಮನೆಗಳಲ್ಲಿ 'ಇಲ್ಲ' ಎಂದಿರಬಹುದು? ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಳು ಬಂತು, ಅದನ್ನು ಮುಚ್ಚಲು ಕೂಗಾಡಿದೆ. ನನ್ನ ಒಂದು ವರ್ಷ ನಿನ್ನಿಂದ ಹಾಳಾಯಿತು ಎಂದುಬಿಟ್ಟೆ. ಆ ಮಾತಿಗೆ ಈಗಲೂ ನಾಚುತ್ತೇನೆ.

ಅವನು ಸಿಟ್ಟಾಗಲಿಲ್ಲ. ಮುದ್ದು ಬಂದಾಗ ಮಗಳಾದ ನನ್ನನ್ನು ತಂಗಿ ಎಂದೇ ಕರೆಯುವವನು. "ನಿಂಗೆ ಒಂದು ವರ್ಷ ಹೋತು ತಂಗೀ. ಆನು 'ಕಳವು' ಹೇಳಿ ಬರದ್ಬಿಟ್ಟಿದ್ರೆ ಅವಂಗೆ ಊರೇ ಹೋಗ್ತಿತ್ತು."

ಯಾರು ಎಂದು ಕೇಳಿದೆ. ಹೇಳಲಿಲ್ಲ.

ಬೇರೆ ವಿಷಯ ಹಿಡಿದು, ಒಂದು ವರ್ಷ ತಡವಾಗಿ ಪದವಿ ಪಡೆದೆ. ಕೆಲವು ವರ್ಷಗಳ ಮೇಲೆ ಅಪ್ಪಯ್ಯ ತೀರಿಕೊಂಡ. ಅಂಗಳ ತುಂಬ ಜನ. ಕಂಬ ಹಿಡಿದು ನಿಂತು ಅತ್ತ ಗಂಡಸರೇ ಎಷ್ಟೋ ಮಂದಿ. ಏನನ್ನೂ ಕೆದಕದೆ ಬಿಡುವವಳಲ್ಲ ನಾನು. ಅವತ್ತು ಮಾತ್ರ ಹಂಡೆಯವನು ಯಾರೆಂದು ಮುಖಗಳಲ್ಲಿ ಹುಡುಕದೆ, ತಲೆ ತಗ್ಗಿಸಿಕೊಂಡೇ ಎಲ್ಲರಿಗೂ ನೀರು ಕೊಟ್ಟೆ.